ಬಸರಿಗಿಡದ ವೀರಪ್ಪನವರು ಕೊಟ್ಟ ಸೂರು

ಶಾಸ್ತ್ರೀಯ ಸಂಗೀತವು ರಾಜಾಶ್ರಯದಲ್ಲಿ ಬೆಳೆದ ಕಲೆಯೆಂಬುದು ನಮ್ಮಲ್ಲಿ ರೂಢವಾಗಿ ಬಂದಿರುವ ಮಾತು. ಈ ಮಾತಿಗೆ ಆಧಾರವಿಲ್ಲದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನದಲ್ಲಿ ವೀಣೆ ಶೇಷಣ್ಣನವರೂ ಬಿಡಾರಂ ಕೃಷ್ಣಪ್ಪನವರೂ ಮುತ್ತಯ್ಯ ಭಾಗವತರೂ ಮನ್ನಣೆ ಪಡೆದರು. ಉತ್ತರದಲ್ಲಿ ಗ್ವಾಲಿಯರ್, ಬರೋಡೆ, ಕೊಲ್ಲಾಪುರದ ದರ್ಬಾರುಗಳು ಘರಾಣೆಗಳನ್ನು ಸಲಹಿದವು. ಆದರೆ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೋದೊಡನೆ ಈ ವಿವರಣೆ ಸಾಲದಾಗುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು; ಅಲ್ಲಿ ಹೇಳಿಕೊಳ್ಳುವಂಥ ದೊಡ್ಡ ಅರಮನೆ ಇರಲಿಲ್ಲ. ಆದರೂ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಪುಟ್ಟರಾಜ ಗವಾಯಿಗಳು ಒಂದೇ ತಲೆಮಾರಿನ ಅಂತರದಲ್ಲಿ ಆ ನೆಲದಿಂದ ಎದ್ದು ಬಂದರು. ಅರಸರಿಲ್ಲದ ಊರಿನಲ್ಲಿ ಇವರಿಗೆ ಅನ್ನವಿಟ್ಟವರು ಯಾರು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ದಾವಣಗೆರೆ, ಹರಿಹರಗಳ ವರ್ತಕ ಬಂಧುಗಳೂ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಓದುವ ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ಎತ್ತುವುದು ಉಚಿತವೆಂದು ಭಾವಿಸಿದ್ದೇನೆ.

ಉತ್ತರ ಒಂದೇ ಅಲ್ಲ. ಕುಂದಗೋಳದಲ್ಲಿ ನಾಡಿಗೇರ ವಾಡೆಯೆಂಬ ಜಮೀನ್ದಾರರ ಮನೆಯಿತ್ತು; ಅಬ್ದುಲ್ ಕರೀಂ ಖಾನರು ಅಲ್ಲಿ ಹಾಡಿದರು, ಸವಾಯಿ ಗಂಧರ್ವರಿಗೆ ಅದು ತವರಿನಂತಿತ್ತು. ನಾಟಕ ಕಂಪನಿಗಳಿದ್ದವು; ಮನಸೂರರೂ ರಾಜಗುರುಗಳೂ ವಾಮನರಾಯ ಮಾಸ್ತರರ ಕಂಪನಿಯ ರಂಗದ ಮೇಲೆ ಹಾಡಿ ಬೆಳೆದವರು. ನಾಟಕದ ಟಿಕೇಟಿನ ನಾಲ್ಕಾಣೆಯೂ ಒಂದು ಬಗೆಯ ಕಲಾಪೋಷಣೆಯೇ. ನಮ್ಮ ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಇತಿಹಾಸವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮೂರನೆಯದಾಗಿ ಮಠಗಳಿದ್ದವು. ಮಠಗಳ ಹಿಂದೆ, ಬಹುಮಟ್ಟಿಗೆ ಹೆಸರು ಹೇಳಿಕೊಳ್ಳದೆ, ಅಂಗಡಿ ಗಲ್ಲೆಯ ಮೇಲೆ ಕುಳಿತ ವರ್ತಕರಿದ್ದರು. ಅಂಥವರಲ್ಲಿ ಗದುಗಿನ ಬಸರಿಗಿಡದ ವೀರಪ್ಪನವರೊಬ್ಬರು. ಈ ಲೇಖನ ಅವರು ಮಾಡಿದ ಒಂದು ದಾನವನ್ನು ಕುರಿತದ್ದು.

ಆ ದಾನದ ಬೆಲೆ ತಿಳಿಯಬೇಕಾದರೆ ಅದನ್ನು ಪಡೆದವರ ಕಥೆಯನ್ನು ಮೊದಲು ನೆನೆಯಬೇಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಆತನಿಗಿದ್ದ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. 1909ರಲ್ಲಿ ಬದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು, ಕುರುಡ ಬಾಲಕನಿಗೆ ಭಿಕ್ಷಾಪಾತ್ರೆಯ ಬದಲು ತಂಬೂರಿಯನ್ನು ಕೊಡಬೇಕೆಂದು ಕಾಣಬಲ್ಲವರಾಗಿದ್ದರು. ಬಾಲಕನು ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕ ಪದ್ಧತಿಯನ್ನು ಮೈಸೂರಿನಲ್ಲಿ ಕಲಿತರು. ಹಿಂದುಸ್ತಾನಿ ಪದ್ಧತಿಯನ್ನು ಮಿರಜದ ನೀಲಕಂಠಬುವಾ ಅವರಲ್ಲಿಯೂ ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಲ್ಲಿಯೂ ಅಭ್ಯಾಸ ಮಾಡಿದರು. ಎರಡು ಪದ್ಧತಿಗಳಲ್ಲಿ ಸಮಾನವಾಗಿ ಹಾಡಬಲ್ಲ ಗಾಯಕರು ಅಂದಿಗೂ ವಿರಳ, ಇಂದಿಗೂ ವಿರಳ.

ಅನಂತರ ಗವಾಯಿಗಳು ಮಾಡಿದ ಕೆಲಸ ಲೌಕಿಕರ ಲೆಕ್ಕಕ್ಕೆ ಸಿಗುವಂಥದಲ್ಲ. ಆಸ್ಥಾನದ ವಿದ್ವತ್ತನ್ನು ಅರಸದೆ, ಕಣ್ಣಿಲ್ಲದ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಕೂಡಿಹಾಕಿಕೊಂಡು ಸಂಚಾರಿ ಪಾಠಶಾಲೆಯನ್ನು ನಡೆಸಿದರು. ಶಾಲೆಯೆಂದರೆ ಗುರುವಿನ ಹಿಂದೆ ನಡೆಯುವ ಶಿಷ್ಯರ ಸಾಲು. ಊರಿನಿಂದೂರಿಗೆ ಹೋಗುವುದು, ಹಾಡುವುದು, ಭಕ್ತರು ಕೊಟ್ಟ ಜೋಳ ಅಕ್ಕಿಯಲ್ಲಿ ಅಡಿಗೆ ಮಾಡಿಕೊಂಡು ಉಣ್ಣುವುದು, ಮುಂಜಾವಿನಲ್ಲಿ ಎದ್ದು ಸಾಧನೆಗೆ ಕೂಡುವುದು. ಕೇಳಲು ರಮ್ಯವಾಗಿದೆ. ಆದರೆ ನಡೆಯುವ ಶಾಲೆಯಲ್ಲಿ ಖಯಾಲ್ ಕಲಿಯುವುದು ಎಷ್ಟು ಕಷ್ಟವೆಂಬುದನ್ನು ಸಂಗೀತ ಕಲಿತವರು ಬಲ್ಲರು. ಒಂದು ರಾಗದ ಒಂದೇ ಸ್ವರಗುಚ್ಛವನ್ನು ತಿಂಗಳುಗಟ್ಟಲೆ ತಿದ್ದಬೇಕಾದ ವಿದ್ಯೆಯಿದು. ನಾಳೆ ಎಲ್ಲಿ ಮಲಗುವೆವೋ ತಿಳಿಯದವನಿಗೆ ವಿಳಂಬಿತ ಲಯ ಕೈಗೂಡುವುದು ಸುಲಭವಲ್ಲ. ಕಣ್ಣಿಲ್ಲದವನಿಗೆ ಇನ್ನೊಂದು ತೊಡಕು: ಪ್ರತಿ ಹೊಸ ಊರಿನಲ್ಲಿ ಬಾಗಿಲೆಲ್ಲಿ, ಬಾವಿಯೆಲ್ಲಿ, ಮೆಟ್ಟಿಲೆಷ್ಟು ಎಂಬುದನ್ನು ಮೊದಲಿನಿಂದ ಕಲಿಯಬೇಕು. ಕಣ್ಣುಳ್ಳವರು ಸಾಮಾನ್ಯವಾಗಿ ಇದನ್ನು ಯೋಚಿಸುವುದಿಲ್ಲ.

ಇಂಥ ಪಾಠಶಾಲೆಗೆ ಗದುಗಿನಲ್ಲಿ ಸ್ಥಳವನ್ನೂ ಸೂರನ್ನೂ ಒದಗಿಸಿದವರು ಬಸರಿಗಿಡದ ವೀರಪ್ಪನವರು. ವೀರೇಶ್ವರ ಪುಣ್ಯಾಶ್ರಮವು ನೆಲೆನಿಂತದ್ದು ಹೀಗೆ. ಗದಗವು ಆ ಕಾಲಕ್ಕೆ ಹತ್ತಿಯ ಪೇಟೆಯೆಂದು ದೂರದೂರಕ್ಕೆ ಹೆಸರಾದ ಊರು. ಬೆಳೆ ಬಂದಾಗ ಉಬ್ಬಿ, ದರ ಇಳಿದಾಗ ಕುಗ್ಗುವ ಊರು. ಹತ್ತಿಯ ಪೇಟೆ ಎಂದರೇನೆಂದು ದಾವಣಗೆರೆಯವರಿಗೆ ಹೇಳಿಕೊಡಬೇಕೇ? ಅಂಥ ಊರಿನಲ್ಲಿ ನೆಲಕ್ಕೆ ಬೆಲೆಯಿರುತ್ತದೆ. ಆ ನೆಲದ ಮೇಲೆ ಉಗ್ರಾಣ ಕಟ್ಟಿದ್ದರೆ ಬಾಡಿಗೆ ಬರುತ್ತಿತ್ತು. ಅಲ್ಲಿ ತಂಬೂರಿ ಮೀಟುವ ಕುರುಡ ಮಕ್ಕಳನ್ನು ಇರಿಸಿದರೆ ಬರುವುದು ಮುಂಜಾವಿನ ಸದ್ದು ಮಾತ್ರ.

ಈ ದಾನದ ವೈಶಿಷ್ಟ್ಯವೇನು? ಸಂಗೀತಕ್ಕೆ ಹಣ ಕೊಟ್ಟ ಶ್ರೀಮಂತರು ನಮ್ಮ ದೇಶದಲ್ಲಿ ಕಡಿಮೆಯವರೇನಲ್ಲ. ಅಂಥ ದಾನಗಳಲ್ಲಿ ನಾಲ್ಕಾರನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಚೆಟ್ಟಿನಾಡಿನ ರಾಜಾ ಸರ್ ಅಣ್ಣಾಮಲೈ ಚೆಟ್ಟಿಯಾರರು ಲೇವಾದೇವಿಯಲ್ಲಿ ಗಳಿಸಿದ ಸಂಪತ್ತಿನಿಂದ ಚಿದಂಬರದಲ್ಲಿ ವಿಶ್ವವಿದ್ಯಾನಿಲಯವನ್ನೇ ಸ್ಥಾಪಿಸಿದರು. 1929ರಷ್ಟು ಹಿಂದೆಯೇ ಅಲ್ಲಿ ಸಂಗೀತ ಕಾಲೇಜು ಇತ್ತು. ಅದು ಮಹಾದಾನ, ಸಂದೇಹವಿಲ್ಲ. ಆದರೆ 1941ರಲ್ಲಿ ಅವರ ಆಶ್ರಯದಲ್ಲಿ ತಮಿಳಿಸೈ ಸಮ್ಮೇಳನ ನಡೆದು, 1943ರಲ್ಲಿ ತಮಿಳಿಸೈ ಸಂಘ ಹುಟ್ಟಿ, ಕಚೇರಿಗಳಲ್ಲಿ ಯಾವ ಭಾಷೆಯ ಕೃತಿಗಳನ್ನು ಎಷ್ಟು ಹಾಡಬೇಕೆಂಬುದರ ಮೇಲೆ ಮದರಾಸಿನ ವಿದ್ವಾಂಸರು ಎರಡು ಬಣವಾದರು. ತಾಯ್ನುಡಿಯಲ್ಲಿ ಹಾಡಬೇಕೆಂಬ ಆಗ್ರಹವನ್ನು ನಾನು ತಪ್ಪೆನ್ನಲಾರೆ. ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿದ ಮನಸೂರರನ್ನು ಕೇಳಿದ ಕನ್ನಡಿಗನು ಹಾಗೆನ್ನುವುದು ಹೇಗೆ? ಆದರೆ ಮನಸೂರರಿಗೆ ವಚನ ಹಾಡೆಂದು ಯಾವ ಶ್ರೀಮಂತನೂ ಹಣದ ಚೀಲ ಮುಂದಿಟ್ಟಿರಲಿಲ್ಲ. ಧನವು ಗಾಯಕನ ಬಾಯಿಗೆ ಪದವನ್ನು ಇಡತೊಡಗಿದಾಗ, ಪದ ಒಳ್ಳೆಯದಾದರೂ, ಎಚ್ಚರ ಬೇಕು.

ದಿಲ್ಲಿಯಲ್ಲಿ ಗಿರಣಿ ಮಾಲಿಕರ ಮನೆತನವೊಂದು 1947ರಿಂದ ಶಂಕರಲಾಲ್ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿತು. 1952ರಲ್ಲಿ ಅದೇ ಮನೆಯ ಸುಮಿತ್ರಾ ಚರತ್ ರಾಮ್ ಅವರು ಭಾರತೀಯ ಕಲಾ ಕೇಂದ್ರವನ್ನು ಸ್ಥಾಪಿಸಿದರು. ಸಂಸ್ಥಾನಗಳು ವಿಲೀನವಾಗಿ ಉಸ್ತಾದರು ಆಶ್ರಯವಿಲ್ಲದೆ ನಿಂತ ಕಾಲವದು. ಕೋಲಕಾತೆಯಲ್ಲಿ ಸಿಗರೇಟಿನ ಕಂಪನಿಯೊಂದು 1977ರಲ್ಲಿ ಸಂಗೀತ ಸಂಶೋಧನ ಅಕಾಡೆಮಿಯನ್ನು ಕಟ್ಟಿ ಗುರುಗಳನ್ನೂ ಶಿಷ್ಯರನ್ನೂ ಒಂದೇ ಆವರಣದಲ್ಲಿ ವಾಸಕ್ಕಿಟ್ಟಿತು. ತಂಬಾಕಿನ ಹೊಗೆಯಿಂದ ಬಂದ ಹಣ ಕಂಠಸಾಧನೆಗೆ ವಿನಿಯೋಗವಾದದ್ದು ವಿಧಿಯ ವಿನೋದವೇ ಸರಿ. ಆದರೂ ಉತ್ಸವಕ್ಕೆ ಕೊಡುವುದಕ್ಕಿಂತ ಕಲಿಕೆಗೆ ಕೊಡಬೇಕೆಂಬ ತಿಳಿವಳಿಕೆ ಅವರಿಗಿತ್ತು. ವೀರಪ್ಪನವರಂಥವರು ಈ ತಿಳಿವಳಿಕೆಗೆ ಮೂರು ನಾಲ್ಕು ದಶಕ ಮುಂಚೆಯೇ, ಯಾವ ಸಮಿತಿಯ ವರದಿಯೂ ಇಲ್ಲದೆ, ಬಂದಿದ್ದರು. ಸಂಗೀತಕ್ಕೆ ಬೇಕಾದದ್ದು ಮೊದಲು ಸೂರು ಮತ್ತು ಅನ್ನ. ಶಾಲು ಹಾರಗಳ ಸರದಿ ಆಮೇಲಿನದು.

ಅನ್ನದ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ವರ್ತಕರು ಲೆಕ್ಕವನ್ನು ಮೆಚ್ಚುತ್ತಾರೆ. ಇಂದು ದೇಶದ ಅಗ್ರಮಾನ್ಯ ಖಯಾಲ್ ಗಾಯಕರಲ್ಲಿ ಒಬ್ಬರಾದ ಪಂಡಿತ ಎಂ. ವೆಂಕಟೇಶಕುಮಾರರು ಬಳ್ಳಾರಿ ಸೀಮೆಯಿಂದ ಬಾಲಕರಾಗಿ ಪುಣ್ಯಾಶ್ರಮಕ್ಕೆ ಬಂದು, ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಇದ್ದರು. ದಿನಕ್ಕೆ ಎರಡು ಹೊತ್ತಿನ ಊಟವೆಂದರೆ ಹನ್ನೆರಡು ವರ್ಷಕ್ಕೆ 8,760 ಊಟ. ಒಬ್ಬ ಶಿಷ್ಯನಿಗೆ ಇಷ್ಟು. ಆಶ್ರಮದಲ್ಲಿ ಇಂಥ ಮಕ್ಕಳು ನೂರಾರು. ಅವರಲ್ಲಿ ಎಲ್ಲರೂ ಪಂಡಿತರಾಗುವುದಿಲ್ಲ. ಹಲವರು ಶಾಲೆಯ ಸಂಗೀತ ಶಿಕ್ಷಕರಾಗುತ್ತಾರೆ, ಕೆಲವರು ಕೀರ್ತನಕಾರರಾಗುತ್ತಾರೆ, ಕೆಲವರು ತಬಲಾ ಸಾಥಿಗೆ ನಿಲ್ಲುತ್ತಾರೆ. ಯಾವ ಮಗು ವೆಂಕಟೇಶಕುಮಾರನಾಗುವುದೆಂದು ಮೊದಲ ದಿನವೇ ಹೇಳಬಲ್ಲವರಿಲ್ಲವಾದ್ದರಿಂದ ಎಲ್ಲರಿಗೂ ಬಡಿಸಬೇಕು. ವ್ಯಾಪಾರದ ಭಾಷೆಯಲ್ಲಿ ಇದು ನಷ್ಟದ ಬಾಬತ್ತು. ದಾಸೋಹದ ಭಾಷೆಯಲ್ಲಿ ಇದಕ್ಕೆ ಬೇರೆ ಲೆಕ್ಕವಿದೆ. ಗಡಿಗೆ ಒಲೆಯ ಮೇಲಿರುವಾಗ ಉಣ್ಣುವವನ ಯೋಗ್ಯತೆಯನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಆಶ್ರಮವು ಅಲ್ಲಿಗೇ ನಿಲ್ಲಲಿಲ್ಲವೆಂಬುದು ವೀರಪ್ಪನವರ ದಾನದ ನಿಜವಾದ ಪರೀಕ್ಷೆ. ಗುರುವಿನ ಕಂಠ ನಿಂತರೂ ಗೋಡೆ ನಿಂತಿತ್ತು. ಮುಂದೆ 66 ವರ್ಷ, 2010ರ ಸೆಪ್ಟೆಂಬರಿನಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಪುಟ್ಟರಾಜ ಗವಾಯಿಗಳು ಆ ಸೂರಿನಡಿಯ ಸಂಸಾರವನ್ನು ನಡೆಸಿದರು. ಇವರೂ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಆಶ್ರಮಕ್ಕೆ ದವಸ ಕೂಡಿಸಲು ನಾಟಕಗಳನ್ನು ಬರೆದರು, ನಾಟಕ ಕಂಪನಿ ನಡೆಸಿದರು, ಪುರಾಣಗಳನ್ನು ರಚಿಸಿದರು, ಬ್ರೈಲಿನಲ್ಲಿ ಗ್ರಂಥಗಳನ್ನು ಸಿದ್ಧಪಡಿಸಿದರು. ಊರೂರಿನ ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡಿದರು. ಅಂಥ ತುಲಾಭಾರಗಳು ಎರಡು ಸಾವಿರವನ್ನು ಮೀರಿದವು. ಆ ನಾಣ್ಯ, ಆ ಧಾನ್ಯವೆಲ್ಲ ಮಕ್ಕಳ ತಟ್ಟೆಗೆ ಹೋಯಿತು. ಒಬ್ಬ ಸಾಹುಕಾರ ಸೂರು ಕೊಟ್ಟನು. ಸಾವಿರಾರು ಸಣ್ಣ ದಾನಿಗಳು ಗಡಿಗೆ ತುಂಬಿದರು. ದಾನ ಸಾಗಿಬರುವ ದಾರಿ ಇದೇ ಎಂದು ನನಗೆ ತೋರುತ್ತದೆ. ಮೊದಲ ದೊಡ್ಡ ದಾನ ಇಲ್ಲದಿದ್ದರೆ ಸಣ್ಣ ದಾನಗಳಿಗೆ ಸೇರಲು ಜಾಗವಿರುತ್ತಿರಲಿಲ್ಲ. ಸಣ್ಣ ದಾನಗಳಿಲ್ಲದಿದ್ದರೆ ದೊಡ್ಡ ದಾನ ಖಾಲಿ ಕಟ್ಟಡವಾಗುತ್ತಿತ್ತು.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ದಾವಣಗೆರೆಯು ವರ್ತಕರಿಂದಲೇ ಆದ ಊರು. ಹೈದರಾಲಿಯು ಇದನ್ನು ಆಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರನ್ನು ಕರೆದು ನೆಲೆಗೊಳಿಸಿದನೆಂದೂ ಗ್ಯಾಸೆಟಿಯರು ಹೇಳುತ್ತದೆ. 1930ರ ದಶಕದಲ್ಲಿ ರಾಜನಹಳ್ಳಿ ಹನುಮಂತಪ್ಪನವರ ಮುಂದಾಳುತನದಲ್ಲಿ ಕಾಟನ್ ಮಿಲ್ಲು ಬಂದಿತು. ಬೆನ್ನಿಗೇ ಒಂದೊಂದಾಗಿ ಗಿರಣಿಗಳೆದ್ದು ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತು. ಆ ಗಿರಣಿಗಳ ಸಿಳ್ಳು ಇಂದು ಕೇಳುವುದಿಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ದೇಶಕ್ಕೆ ಲೇತ್ ಯಂತ್ರಗಳನ್ನು ಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿಹೋಯಿತು. ಆದರೆ ಆ ಕಾಲದ ದಾನಿಗಳು ಕಟ್ಟಿಸಿದವು ಉಳಿದಿವೆ. ಚಿಗಟೇರಿಯವರ ಹೆಸರಿನ ಆಸ್ಪತ್ರೆಯಲ್ಲಿ ಇಂದಿಗೂ ಬಡವರು ಸಾಲುಗಟ್ಟಿ ನಿಲ್ಲುತ್ತಾರೆ; ಡಿ.ಆರ್.ಎಂ. ಕಾಲೇಜಿನಲ್ಲಿ ಇಂದಿಗೂ ಪಾಠ ನಡೆಯುತ್ತದೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ ಊರಿನ ಮುಖವನ್ನೇ ಬದಲಿಸಿತು. ಔಷಧಕ್ಕೂ ವಿಜ್ಞಾನಕ್ಕೂ ಎಂಜಿನಿಯರಿಂಗಿಗೂ ಇಷ್ಟು ಧಾರಾಳವಾಗಿ ಕೊಟ್ಟ ಕೈಗಳು ಸಂಗೀತದ ಪಾಠಕ್ಕೆ ಕೊಟ್ಟದ್ದು ಅದೇ ಅಳತೆಯಲ್ಲಿಲ್ಲ. ಗಣೇಶೋತ್ಸವದ ಕಚೇರಿಗೆ, ಜಾತ್ರೆಯ ಸಂಗೀತಕ್ಕೆ, ಸನ್ಮಾನ ಸಮಾರಂಭಕ್ಕೆ ಕೊಟ್ಟಿದ್ದಾರೆ, ನಿಜ. ಅವು ಒಂದು ರಾತ್ರಿಯ ದಾನಗಳು.

ಈ ಸೀಮೆಗೆ ಆ ಸಂಪ್ರದಾಯವೇ ಇರಲಿಲ್ಲವೆನ್ನುವಂತಿಲ್ಲ. ಹರಿಹರೇಶ್ವರನ ದೇಗುಲವನ್ನು 1224ರಲ್ಲಿ ಹೊಯ್ಸಳರ ದಂಡನಾಥ ಪೋಲಾಳ್ವನು ಕಟ್ಟಿಸಿದನು. ಆ ಯುಗದ ಕನ್ನಡ ಶಾಸನಗಳನ್ನು ಓದಿದವರಿಗೆ ಅಂಗಭೋಗ, ರಂಗಭೋಗ ಎಂಬ ಜೋಡಿ ಮಾತು ಚಿರಪರಿಚಿತ. ದೇವರ ಮೈಗೆ ಸಲ್ಲುವ ಗಂಧ ನೈವೇದ್ಯಗಳು ಅಂಗಭೋಗ. ಹಾಡು, ವಾದ್ಯ, ನೃತ್ಯಗಳಿಗೆ ಸಲ್ಲುವುದು ರಂಗಭೋಗ. ದತ್ತಿ ಬಿಡುವಾಗಲೇ ಎರಡಕ್ಕೂ ಭೂಮಿ ಬಿಡುತ್ತಿದ್ದರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರೂ ತಮ್ಮ ಸರಕಿನ ಮೇಲೆ ತಾವೇ ಸುಂಕ ಹಾಕಿಕೊಂಡು ದೇಗುಲಗಳಿಗೆ ಕೊಟ್ಟದ್ದಿದೆ. ಶರಣರಲ್ಲಿಯೂ ಕಿನ್ನರಿ ಬೊಮ್ಮಯ್ಯನೆಂಬಾತನು ಕಿನ್ನರಿಯನ್ನು ನುಡಿಸುವುದನ್ನೇ ಕಾಯಕವಾಗಿ ಕೈಕೊಂಡನು. ನಾವು ಈಗ ಶಾಲೆ ಕಟ್ಟಿಸುವಾಗ ಅಂಗಭೋಗಕ್ಕೆ ಮಾತ್ರ ದತ್ತಿ ಬಿಡುತ್ತಿದ್ದೇವೆ.

ಗದುಗಿನ ಪುಣ್ಯಾಶ್ರಮದ ಶಾಖೆಯೊಂದು ನಮ್ಮ ದಾವಣಗೆರೆಯಲ್ಲೇ, ಬಾಡ ಕ್ರಾಸಿನ ಬಳಿ ಇದೆ. 1995ರಲ್ಲಿ ಪಂಚಾಕ್ಷರ ಗವಾಯಿಗಳ ಚರಿತ್ರೆಯನ್ನು ಚಲನಚಿತ್ರವಾಗಿಸಿದ ಚಿಂದೋಡಿ ಬಂಗಾರೇಶರೂ ಇಲ್ಲಿನ ಮನೆತನದವರೇ; ಆ ಚಿತ್ರದ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದವು. ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡವರಲ್ಲಿ ಎಷ್ಟು ಮಂದಿ ಬಾಡ ಕ್ರಾಸಿನವರೆಗೆ ಒಂದು ಚೀಲ ಅಕ್ಕಿ ಕಳುಹಿಸಿದರೋ ಅವರವರ ಮನಸ್ಸೇ ಬಲ್ಲದು.

ಒಂದು ಆಕ್ಷೇಪವನ್ನು ನಾನು ನಿರೀಕ್ಷಿಸುತ್ತೇನೆ. ಶೌಚಾಲಯವಿಲ್ಲದ ಶಾಲೆ, ಪುಸ್ತಕ ಕೊಳ್ಳಲಾರದ ಮಕ್ಕಳು ಇರುವಾಗ ತಂಬೂರಿಗೆ ಹಣವೇಕೆಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಆದರೆ ಪುಣ್ಯಾಶ್ರಮಕ್ಕೆ ಬಂದ ಮಕ್ಕಳು ಯಾರು? ಬಡವರಲ್ಲಿ ಬಡವರು, ಅವರಲ್ಲಿ ಅನೇಕರಿಗೆ ಕಣ್ಣೂ ಇಲ್ಲ. ಅವರಿಗೆ ಸಂಗೀತವು ಊಟದ ಮೇಲಿನ ತಾಂಬೂಲವಾಗಿರಲಿಲ್ಲ, ಊಟವೇ ಆಗಿತ್ತು. ನಮ್ಮ ನಗರಗಳಲ್ಲಿ ಶಾಸ್ತ್ರೀಯ ಸಂಗೀತವು ಇಂದು ಹಣ ಕೊಟ್ಟು ಮನೆಪಾಠ ಹೇಳಿಸಿಕೊಳ್ಳಬಲ್ಲವರ ಸೊತ್ತಾಗುತ್ತಿದೆ. ಮಠದ ಶಾಲೆಗೆ ಬರುವ ರೈತನ, ಹಮಾಲನ, ಮಂಡಕ್ಕಿ ಭಟ್ಟಿಯ ಕೂಲಿಯವನ ಮಗುವಿಗೆ ಕಂಠವಿದ್ದರೂ ಅದನ್ನು ಗುರುತಿಸುವವರು ಶಾಲೆಯಲ್ಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಮುಂದೆ ನಿಲ್ಲಿಸಿ ಹಾಡಿಸುತ್ತೇವೆ. ವಾರ್ಷಿಕೋತ್ಸವದಲ್ಲಿ ಬಹುಮಾನವೆಂದು ಸ್ಟೀಲು ಲೋಟ ಕೊಡುತ್ತೇವೆ. ಹತ್ತನೆಯ ತರಗತಿಯಾದ ಮೇಲೆ ಆ ಕಂಠ ಎಲ್ಲಿ ಹೋಯಿತೆಂದು ಕೇಳುವುದಿಲ್ಲ.

ಕಾನೂನು ಕೂಡ ಈಗ ಅನುಕೂಲವಾಗಿದೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಆ ಕಾರ್ಯಗಳ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳ ಪೋಷಣೆಯನ್ನೂ ಹೆಸರಿಸಲಾಗಿದೆ. ಆದರೆ ವರ್ಷದ ಕೊನೆಯಲ್ಲಿ ಖರ್ಚು ತೋರಿಸಲೆಂದು ಕೊಡುವ ಹಣವು ಉತ್ಸವಕ್ಕೆ ಹೋಗುತ್ತದೆಯೇ ಹೊರತು ಹನ್ನೆರಡು ವರ್ಷದ ಶಿಷ್ಯವೃತ್ತಿಗೆ ಹೋಗುವುದಿಲ್ಲ. ಉತ್ಸವದ ಛಾಯಾಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಷಡ್ಜ ಹಿಡಿಯಲು ತಿಣುಕುತ್ತಿರುವ ಹುಡುಗನ ಛಾಯಾಚಿತ್ರವನ್ನು ಯಾರೂ ಅಚ್ಚುಹಾಕುವುದಿಲ್ಲ.

ಆದ್ದರಿಂದ ನಮ್ಮ ದಾನಿಗಳಲ್ಲಿ ನನ್ನ ವಿಜ್ಞಾಪನೆ ಚಿಕ್ಕದು ಮತ್ತು ಸ್ಪಷ್ಟವಾದುದು. ಶಾಲೆಗೆ ಮುಂದೆ ಕಟ್ಟಿಸಲಿರುವ ಕೊಠಡಿಗಳಲ್ಲಿ ಒಂದನ್ನು, ರಸ್ತೆಯ ಸದ್ದಿನಿಂದ ದೂರವಾದ ಮೂಲೆಯಲ್ಲಿ, ಸಂಗೀತಕ್ಕೆಂದು ಬಿಡಬೇಕು. ಒಬ್ಬ ಸಂಗೀತ ಅಧ್ಯಾಪಕರ ಪೂರ್ಣ ವೇತನಕ್ಕೆ ಸಾಲುವಷ್ಟು ಬಡ್ಡಿ ಬರುವ ಇಡುಗಂಟನ್ನು ಬ್ಯಾಂಕಿನಲ್ಲಿಡಬೇಕು; ಗಂಟೆಗಿಷ್ಟೆಂದು ಬಂದುಹೋಗುವ ಏರ್ಪಾಟು ಬೇಡ. ಅಧ್ಯಾಪಕರು ಹಿಂದುಸ್ತಾನಿಯವರೋ ಕರ್ನಾಟಕಿಯವರೋ ಎಂಬುದನ್ನೂ ಏನು ಹಾಡಿಸಬೇಕೆಂಬುದನ್ನೂ ದಾನಿಗಳು ನಿರ್ಣಯಿಸಬಾರದು. ಅದು ಬಲ್ಲವರಿಗೆ ಬಿಟ್ಟ ಮಾತು. ಪುಣ್ಯಾಶ್ರಮದಲ್ಲಿ ಕಲಿತವರಲ್ಲೇ ಒಬ್ಬರನ್ನು ಕರೆತರುವುದಾದರೆ ಇನ್ನೂ ಸಂತೋಷ. ವಸತಿ ನಿಲಯದ ಪ್ರಸಾದದಲ್ಲಿ ನಾಲ್ಕು ತಟ್ಟೆ ಹೆಚ್ಚಾಗಿ ಇಟ್ಟರೆ ನಾಲ್ಕು ಮಕ್ಕಳು ಹತ್ತನೆಯ ತರಗತಿಯ ಅನಂತರವೂ ಕಾಲೇಜಿಗೆ ಹೋಗುತ್ತ ಇಲ್ಲಿಯೇ ಇದ್ದು ಅಭ್ಯಾಸ ಮುಂದುವರಿಸಬಹುದು. ಎರಡು ತಂಬೂರಿಗಳನ್ನು ಮಿರಜದಿಂದ ತರಿಸಬೇಕು, ಒಂದು ಗಂಡುದನಿಗೆ, ಒಂದು ಹೆಣ್ಣುದನಿಗೆ. ತಂತಿಗಳು ತುಕ್ಕುಹಿಡಿಯುತ್ತವೆ, ತಬಲದ ಚರ್ಮ ಮಳೆಗಾಲದಲ್ಲಿ ಸಡಿಲುತ್ತದೆ, ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿಯುತ್ತದೆ. ಇಡುಗಂಟಿನ ಲೆಕ್ಕ ಹಾಕುವಾಗ ವರ್ಷಕ್ಕೊಮ್ಮೆ ಇವುಗಳ ದುರಸ್ತಿಗೆ ತಗಲುವ ಹಣವನ್ನೂ ಸೇರಿಸಿ ಬರೆಯಬೇಕೆಂದು ವಿನಂತಿ.